ನಿಮಗಿದು ಗೊತ್ತೇ? ಸವರಿದ ಕೈಗೇ ಬಾಯಿ ಹಾಕುವ ಬೆಕ್ಕು

◆ ಬೆಕ್ಕಿನ ಮೈಮೇಲಿರುವ ಆಯುಧಗಳನ್ನು ಎಂದಾದರೂ ಎಣಿಸಿದ್ದೀರಾ? ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಬಾಯಲ್ಲಿ 30 ಹಲ್ಲು. ಮರಿಗಾದರೆ 26 ಹಾಲುಹಲ್ಲು. ಆರು ತಿಂಗಳು ತುಂಬುವ ಹೊತ್ತಿಗೆ ಅವು ಬಿದ್ದು ಗಟ್ಟಿ ಹಲ್ಲು ಬಂದಿರುತ್ತವೆ. ಮೂರ್ನಾಲ್ಕು ಕಿಲೋ ತೂಗುವ ಪ್ರಾಣಿಗೆ ಇದೇನು ಕಡಿಮೆ ಸರಂಜಾಮಲ್ಲ.

◆ ಈ ಉಗುರುಗಳನ್ನು ಒಳಗಿಟ್ಟುಕೊಳ್ಳಲು ಬೆಕ್ಕು ಏನೂ ಕಷ್ಟಪಡಬೇಕಿಲ್ಲ. ಸುಮ್ಮನೆ ಕೂತಾಗ ಅವು ತಾವಾಗಿಯೇ ಒಳಗಿರುತ್ತವೆ. ಹೊರಗೆ ಚಾಚಬೇಕೆಂದರೆ ಸ್ನಾಯು ಬಿಗಿಯಬೇಕು. ಹಾಗಾಗಿ ಮಲಗಿರುವ ಬೆಕ್ಕಿನ ಪಂಜದ ತುದಿಯಲ್ಲಿ ಉಗುರಿನ ಮೊನೆ ಇಣುಕುತ್ತಿದ್ದರೆ, ಅದಕ್ಕೆ ಆಗಲೇ ಯಾವುದೋ ವಿಷಯದಲ್ಲಿ ಆಸಕ್ತಿ ಹುಟ್ಟಿದೆ ಎಂದೇ ತಿಳಿಯಿರಿ. ಆ ವಿಷಯ ನಿಮ್ಮ ಕಾಲ್ಬೆರಳೂ ಆಗಿರಬಹುದು.

◆ ನಾಯಿ ಕಚ್ಚಿದರೆ ಓಣಿಗೆ ಓಣಿಯೇ ಸೇರುತ್ತದೆ. ಬೆಕ್ಕು ಕಚ್ಚಿದರೆ ಅರಿಸಿನ ಮೆತ್ತಿಕೊಂಡು ಅಡುಗೆ ಮುಂದುವರಿಸುತ್ತೇವೆ. ಸೋಂಕಿನ ಲೆಕ್ಕದಲ್ಲಿ ನೋಡಿದರೆ ಈ ಉದಾಸೀನ ಸರಿಯಲ್ಲ. ನಾಯಿಯ ಹಲ್ಲು ಚರ್ಮವನ್ನು ಸೀಳುತ್ತದೆ, ಗಾಯ ತೆರೆದುಕೊಂಡಿರುತ್ತದೆ, ರಕ್ತ ಹರಿದು ಒಂದಿಷ್ಟು ಕೊಳೆಯೂ ಹೊರಬರುತ್ತದೆ. ಬೆಕ್ಕಿನ ಕೋರೆಹಲ್ಲು ಇಂಜೆಕ್ಷನ್ ಸೂಜಿಯ ಹಾಗೆ ನೇರ ಒಳಕ್ಕಿಳಿದು ಬರುತ್ತದೆ. ಮೇಲಿನ ತೂತು ಸ್ವಲ್ಪ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತವೆ. ಕೈಯ ಕೀಲು, ಸ್ನಾಯುರಜ್ಜುಗಳು ಚರ್ಮಕ್ಕೆ ತೀರಾ ಹತ್ತಿರ ಇರುವುದರಿಂದ ಬೆರಳಿನ ಮೇಲಿನ ಕಡಿತವೇ ಹೆಚ್ಚು ಅಪಾಯದ್ದು.

ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 2009ರಿಂದ 2011ರವರೆಗೆ ಕೈಗೆ ಬೆಕ್ಕು ಕಚ್ಚಿಸಿಕೊಂಡು ಬಂದ 193 ಜನರ ದಾಖಲೆ ನೋಡಿ 2014ರಲ್ಲಿ ಪ್ರಕಟಿಸಿದರು. ಅವರಲ್ಲಿ 57 ಜನ ಆಸ್ಪತ್ರೆಗೆ ದಾಖಲಾಗಬೇಕಾಯಿತು. ಹಾಗೆ ದಾಖಲಾದವರಲ್ಲಿ 38 ಜನರಿಗೆ ಶಸ್ತ್ರಚಿಕಿತ್ಸೆಯೇ ಆಯಿತು. ಕಚ್ಚಿದ ಮೇಲೆ ಅವರು ವೈದ್ಯರ ಮುಖ ನೋಡಲು ತೆಗೆದುಕೊಂಡ ಸಮಯ ಸರಾಸರಿ 27 ಗಂಟೆ. "ಒಂದು ಚುಕ್ಕೆಯಷ್ಟು ಗಾಯ, ಏನಾಗುತ್ತೆ ಬಿಡಿ" ಎನ್ನುವವರು ನಮ್ಮಲ್ಲಿ ಮಾತ್ರ ಇಲ್ಲ ಎಂದಾಯಿತು.

◆ ಈ ಬಾವು, ಕೀವಿಗೆಲ್ಲ ಮುಖ್ಯ ಕಾರಣ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಾಗಿರುವ ಬೆಕ್ಕಿನ ಬಾಯಲ್ಲೂ ಇದರ ವಾಸ ಸಾಮಾನ್ಯ. 1999ರಲ್ಲಿ ಅಮೆರಿಕದಲ್ಲಿ ಸೋಂಕಾದ ಕಡಿತದ ಗಾಯಗಳನ್ನು ಪರೀಕ್ಷಿಸಿದಾಗ, ಬೆಕ್ಕು ಕಚ್ಚಿದ ಗಾಯಗಳಲ್ಲಿ ಶೇ. 75ರಷ್ಟರಲ್ಲಿ, ನಾಯಿ ಕಚ್ಚಿದ ಗಾಯಗಳಲ್ಲಿ ಶೇ. 50ರಷ್ಟರಲ್ಲಿ ಇದು ಸಿಕ್ಕಿತ್ತು. ಇದು ಬಹಳ ಅವಸರದ ಜೀವಿ. ಬೆಳಿಗ್ಗೆ ಕಚ್ಚಿದರೆ ರಾತ್ರಿಯೊಳಗೆ ಬೆರಳು ಕೆಂಪಾಗಿ ಊದಿ, ಮಡಚಲು ಆಗದಂತೆ ಮಾಡಬಲ್ಲದು. ಅಂಥ ಬೆರಳಿಟ್ಟುಕೊಂಡು ನಾಳೆ ನೋಡೋಣ ಎನ್ನಬೇಡಿ.

◆ ಕಚ್ಚಿದ ಕೂಡಲೇ ಮಾಡಬೇಕಾದ್ದು: ನಲ್ಲಿಯ ಕೆಳಗೆ ಕೈ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯುವುದು. ಹದಿನೈದು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ನಲ್ಲಿಯ ಮುಂದೆ ನಿಂತವರಿಗೇ ಗೊತ್ತು. ಮನೆಯವರು "ಸಾಕು ಬಾ, ನೀರು ಖಾಲಿಯಾಗುತ್ತೆ" ಎಂದು ಎರಡು ಸಲ ಕೂಗಿರುತ್ತಾರೆ. ಆದರೂ ತೊಳೆಯಿರಿ. ಸುಣ್ಣ, ಖಾರದ ಪುಡಿ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ, ಅರಿಸಿನವೂ ಬೇಡ. ಬಿಗಿಯಾಗಿ ಬ್ಯಾಂಡೇಜು ಕಟ್ಟುವುದೂ ಬೇಡ. ಆಮೇಲೆ ಆಸ್ಪತ್ರೆ. ಧನುರ್ವಾಯುವಿನ ಇಂಜೆಕ್ಷನ್ ಕೊನೆಯ ಸಲ ಯಾವಾಗ ತೆಗೆದುಕೊಂಡಿದ್ದಿರಿ ಎಂದು ಅಲ್ಲಿ ಕೇಳುತ್ತಾರೆ, ದಾರಿಯಲ್ಲೇ ನೆನಪಿಸಿಕೊಳ್ಳಿ.

◆ ಬೆಕ್ಕಿಗೂ ರೇಬೀಸ್ ಬರುತ್ತದೆ, ಬೆಕ್ಕಿನಿಂದಲೂ ಬರುತ್ತದೆ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ಶೇ. 99ರವರೆಗೂ ನಾಯಿಯಿಂದ ಬಂದದ್ದು, ನಿಜ. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ದಾರಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲದ ರೋಗದಲ್ಲಿ ಉಳಿದ ಶೇ. 1 ಕೂಡ ತಮಾಷೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ರಕ್ತ ಬಾರದ ಸಣ್ಣ ಗೀರು ಎರಡನೇ ದರ್ಜೆ, ಅದಕ್ಕೆ ಲಸಿಕೆ. ಚರ್ಮ ತೂರಿದ ಒಂದೇ ಒಂದು ಕಡಿತವಾದರೂ ಮೂರನೇ ದರ್ಜೆ. ಅದಕ್ಕೆ ಲಸಿಕೆಯ ಜೊತೆಗೆ ಗಾಯದೊಳಗೇ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಕಚ್ಚಿದ್ದು ನಾಯಿಯೋ ಬೆಕ್ಕೋ ಎಂಬುದರಿಂದ ಈ ದರ್ಜೆ ಬದಲಾಗುವುದಿಲ್ಲ.

ಹಳಬರು ಇವತ್ತಿಗೂ ಹೆದರುವ "ಹೊಕ್ಕುಳ ಸುತ್ತ 14 ಇಂಜೆಕ್ಷನ್" ನಮ್ಮಲ್ಲಿ ಈಗ ಇಲ್ಲ. ಅದು ಕಸೌಲಿಯಲ್ಲಿ ಡೇವಿಡ್ ಸೆಂಪಲ್ 1911ರಲ್ಲಿ ರೂಪಿಸಿದ, ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆ. 2005ರ ಹೊತ್ತಿಗೆ ಭಾರತ ಅದನ್ನು ಪೂರ್ತಿ ಕೈಬಿಟ್ಟಿತು. ಈಗಿನದು ತೋಳಿಗೆ. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, 3ನೇ, 7ನೇ ಮತ್ತು 28ನೇ ದಿನ. ಒಂದೊಂದು ಸಲಕ್ಕೆ ಎರಡೂ ತೋಳಿಗೆ 0.1 ಮಿಲಿಲೀಟರ್. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬೆಕ್ಕು ಮನೆಯದ್ದೇ ಆಗಿದ್ದರೆ ಅದನ್ನು 10 ದಿನ ಕಣ್ಣಿಟ್ಟು ನೋಡಬೇಕು. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ತೆಗೆದುಕೊಳ್ಳುತ್ತೇನೆ ಎಂಬುದು ತಲೆಕೆಳಗಾದ ಬುದ್ಧಿ. ಲಸಿಕೆ ಮೊದಲು ಶುರುವಾಗಬೇಕು, ನಿಲ್ಲಿಸುವುದೋ ಮುಂದುವರಿಸುವುದೋ ವೈದ್ಯರು ನೋಡಿಕೊಳ್ಳುತ್ತಾರೆ.

ಮನುಷ್ಯರ ರೇಬೀಸನ್ನು ಕರ್ನಾಟಕ ಸರ್ಕಾರ 2022ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ ರೇಬೀಸ್ ಪರೀಕ್ಷೆ ಮತ್ತು ಸಂಶೋಧನೆಗೆ ದೇಶಕ್ಕೇ ಹೆಸರಾದ ಜಾಗ. ಇಷ್ಟೆಲ್ಲ ಇದ್ದೂ ನಾಯಿಗೆ ವರ್ಷವರ್ಷ ಲಸಿಕೆ ಹಾಕಿಸುವ ಮನೆಗಳಲ್ಲೇ ಬೆಕ್ಕನ್ನು ಬಿಟ್ಟುಬಿಡುತ್ತಾರೆ. ಮೂರು ತಿಂಗಳು ತುಂಬಿದ ಮರಿಗೆ ರೇಬೀಸ್ ಲಸಿಕೆ ಹಾಕಿಸಬಹುದು.

◆ ಪರಚಿದ ಎರಡು ಮೂರು ವಾರಕ್ಕೆ ಕಂಕುಳಲ್ಲೋ ಕುತ್ತಿಗೆಯಲ್ಲೋ ನೋಯುವ ಗಡ್ಡೆ, ಜೊತೆಗೆ ಸಣ್ಣ ಜ್ವರ: ಇದು ಬೆಕ್ಕು ಪರಚಿದ ಜ್ವರ ಇರಬಹುದು. 1950ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ರೊಬೆರ್ ದೆಬ್ರೆ ಇದನ್ನು ಮೊದಲು ವಿವರಿಸಿದರು. ಕಾರಣವಾದ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಗಲು ಇನ್ನೂ ನಾಲ್ಕು ದಶಕ ಹಿಡಿಯಿತು. ಇದರಲ್ಲಿ ನಿಜವಾದ ಆರೋಪಿ ಚಿಗಟ. ಚಿಗಟದ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಬೆಕ್ಕು ಮೈ ಕೆರೆದುಕೊಂಡಾಗ ಅದು ಉಗುರಿನ ಸಂದಿಗೆ ಸೇರುತ್ತದೆ, ಅಲ್ಲಿಂದ ನಮ್ಮ ಗೀರಿಗೆ. ಮರಿಗಳಿಂದ ಹರಡುವುದೇ ಹೆಚ್ಚು. ವೈದ್ಯರಿಗೆ "ಮನೆಯಲ್ಲಿ ಬೆಕ್ಕಿದೆ, ಪರಚಿತ್ತು" ಎಂಬ ಒಂದು ಮಾತು ಹೇಳಿದರೆ ಹತ್ತು ಪರೀಕ್ಷೆ ಉಳಿಯುತ್ತದೆ.

ಹಾಗೆಂದು ನಾಯಿಗೆ ತಂದ ಚಿಗಟದ ಔಷಧಿಯನ್ನೇ ಬೆಕ್ಕಿನ ಬೆನ್ನಿಗೆ ಸುರಿಯಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿಗೆ ನಡುಕ, ಸೆಳೆತ ಹಿಡಿದು ಪ್ರಾಣವೇ ಹೋಗಬಹುದು.

◆ ಬ್ರೆಜಿಲ್ಲಿನ ರಿಯೊ ಡಿ ಜನೈರೊದಲ್ಲಿ 1990ರ ದಶಕದ ಕೊನೆಯಿಂದ ಬೆಕ್ಕಿನ ಪರಚುವಿಕೆಯಿಂದಲೇ ಒಂದು ಶಿಲೀಂಧ್ರ ರೋಗ ಸಾವಿರಾರು ಜನರಿಗೆ ಹರಡಿದೆ. ಹೆಸರು ಸ್ಪೊರೊಟ್ರಿಕೋಸಿಸ್.

◆ ಗರ್ಭಿಣಿಯರ ಮನೆಯಲ್ಲಿ ಹೆದರಿಕೆ ಹುಟ್ಟಿಸುವ ಟಾಕ್ಸೊಪ್ಲಾಸ್ಮಾ ಮಾತ್ರ ಕಚ್ಚಿದರೆ, ಪರಚಿದರೆ ಬರುವಂಥದ್ದಲ್ಲ. ಅದರ ದಾರಿ ಬೆಕ್ಕಿನ ಮಲ, ತೊಳೆಯದ ತರಕಾರಿ ಮತ್ತು ಸರಿಯಾಗಿ ಬೇಯದ ಮಾಂಸ.

◆ ಇನ್ನು ಎಲ್ಲರೂ ಕೇಳುವ ಪ್ರಶ್ನೆ. ತಾನೇ ಬಂದು ತೊಡೆಯೇರಿ ಕೂತು, ಕಣ್ಣು ಮುಚ್ಚಿ ಸವರಿಸಿಕೊಂಡು, ಇದ್ದಕ್ಕಿದ್ದಂತೆ ಗಬಕ್ಕನೆ ಕೈ ಹಿಡಿಯುತ್ತದಲ್ಲ, ಯಾಕೆ?

ಇದ್ದಕ್ಕಿದ್ದಂತೆ ಎಂಬುದು ನಮ್ಮ ಮಾತು. ಬೆಕ್ಕು ಅಷ್ಟರಲ್ಲಿ ನಾಲ್ಕೈದು ಸಲ ಹೇಳಿಯಾಗಿರುತ್ತದೆ. ಸಂಜೆ ಟೀವಿ ನೋಡುತ್ತ ಬೆನ್ನು ಸವರುತ್ತಿದ್ದೀರಿ ಎಂದುಕೊಳ್ಳಿ. ಮೊದಲು ಬಾಲದ ತುದಿಯೊಂದು ಮಾತ್ರ, ಒಂದಂಗುಲದಷ್ಟು, ಅತ್ತಿತ್ತ ಮಿಡುಕುತ್ತದೆ. ಆಮೇಲೆ ಸೊಂಟದ ಮೇಲಿನ ಚರ್ಮ ನೊಣ ಕೂತಂತೆ ಒಮ್ಮೆ ಜುಮ್ಮೆಂದು ಅಲೆಯಾಗುತ್ತದೆ. ಗುರ್ ಎನ್ನುತ್ತಿದ್ದದ್ದು ನಿಲ್ಲುತ್ತದೆ. ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆಯಾಗುತ್ತ ಬರುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ. ತಲೆ ಕೈಯ ಕಡೆಗೆ ಅರ್ಧ ತಿರುಗುತ್ತದೆ. ಅಷ್ಟು ಹೊತ್ತೂ ನಿಮ್ಮ ಕಣ್ಣು ಧಾರಾವಾಹಿಯ ಮೇಲಿತ್ತು. ಉಳಿದದ್ದು ಬಾಯಿ ಹಾಕುವುದೊಂದೇ. ಇದಕ್ಕೆ ತಜ್ಞರು ಇಟ್ಟ ಹೆಸರು ಮುದ್ದಿನಿಂದ ಕೆರಳುವ ಆಕ್ರಮಣ. ಪರಿಹಾರ ಅಂಥ ಕಷ್ಟದ್ದಲ್ಲ: ಮೂರ್ನಾಲ್ಕು ಸಲ ಸವರಿ ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ತಲೆ ಒತ್ತಿ ಕೇಳುತ್ತದೆ.

◆ ಎಲ್ಲಿ ಸವರಬೇಕು ಎಂಬುದಕ್ಕೂ ಲೆಕ್ಕವಿದೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲದ ಬುಡ ಮುಟ್ಟಿದಾಗ ಬೆಕ್ಕುಗಳು ಅತಿ ಹೆಚ್ಚು ಅಸಮಾಧಾನ ತೋರಿಸಿದವು. ಕೆನ್ನೆ, ಗಲ್ಲ, ಕಿವಿಯ ಬುಡ ಇವು ಸುರಕ್ಷಿತ ಜಾಗಗಳು. ಬೆಕ್ಕು ತನ್ನ ವಾಸನೆಯನ್ನು ವಸ್ತುಗಳಿಗೆ ತಿಕ್ಕುವ ಗ್ರಂಥಿಗಳು ಮುಖದ ಈ ಭಾಗದಲ್ಲೇ ಇರುವುದು.

ನಾಟಿಂಗ್‌ಹ್ಯಾಂ ಟ್ರೆಂಟ್ ವಿಶ್ವವಿದ್ಯಾಲಯದವರು 2021ರಲ್ಲಿ, ಬೆಕ್ಕನ್ನು ಮುಟ್ಟುವ ಮೊದಲು ಜನರಿಗೆ ಚಿಕ್ಕದೊಂದು ಪಾಠ ಹೇಳಿ ನೋಡಿದರು: ಬೆಕ್ಕು ಬಯಸಿದರೆ ಮಾತ್ರ ಮುಟ್ಟಿ, ಅದರ ಮೈಯ ಭಾಷೆ ಗಮನಿಸಿ, ಎಲ್ಲಿ ಮುಟ್ಟುತ್ತಿದ್ದೀರಿ ಎಂದು ಯೋಚಿಸಿ. ಅಷ್ಟಕ್ಕೇ ಅದೇ ಬೆಕ್ಕುಗಳು ಸ್ನೇಹ ಹೆಚ್ಚು ತೋರಿದವು, ಸಿಟ್ಟು ಕಡಿಮೆ ಮಾಡಿದವು. ಮರುವರ್ಷ ಬಂದ ಇನ್ನೊಂದು ವರದಿ ನನಗೆ ಅದಕ್ಕಿಂತ ಇಷ್ಟವಾಯಿತು. ಬೆಕ್ಕಿನ ವಿಷಯ ತಮಗೆ ಚೆನ್ನಾಗಿ ಗೊತ್ತು ಎಂದುಕೊಂಡವರೇ ಬೆಕ್ಕಿಗೆ ಹಿಡಿಸದ ಜಾಗಗಳನ್ನು ಹೆಚ್ಚು ಮುಟ್ಟಿದ್ದರಂತೆ.

◆ ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ "ನಿನ್ನ ಮುಂದೆ ನನಗೆ ಭಯವಿಲ್ಲ" ಎಂದರ್ಥ. ಹೊಟ್ಟೆ ಕೆರೆ ಎಂದು ಅದು ಹೇಳಿಲ್ಲ. ಕೈ ಇಟ್ಟರೆ ಮುಂಗಾಲಲ್ಲಿ ತಬ್ಬಿ ಹಿಡಿದು ಹಿಂಗಾಲಲ್ಲಿ ಪಟಪಟ ಒದೆಯುತ್ತದೆ. ದೊಡ್ಡ ಬೇಟೆಯನ್ನು ಹಿಡಿದಾಗಲೂ, ಜಗಳದಲ್ಲಿ ಕೆಳಗೆ ಬಿದ್ದಾಗಲೂ ಅದು ಮಾಡುವುದು ಇದನ್ನೇ. ಆಗ ನಿಮ್ಮ ಮೊಣಕೈವರೆಗೆ 18 ಉಗುರುಗಳೂ ಕೆಲಸದಲ್ಲಿರುತ್ತವೆ.

◆ ಗುರ್ ಗುರ್ ಎಂದರೆ ಖುಷಿಯಲ್ಲಿದೆ ಎಂದೇ ಅರ್ಥವೂ ಅಲ್ಲ. ನೋವಿನಲ್ಲಿ, ಹೆದರಿಕೆಯಲ್ಲಿ, ಹೆರಿಗೆಯ ಸಮಯದಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಬೆಕ್ಕಿನ ಗುರುಗುಟ್ಟುವಿಕೆ, ಬುಸುಗುಟ್ಟುವಿಕೆ, ಮಿಯಾಂವುಗಳನ್ನು ಧ್ವನಿಶಾಸ್ತ್ರದ ಸಲಕರಣೆ ಹಿಡಿದು ವಿಂಗಡಿಸಿದ ಸ್ವೀಡನ್ನಿನ ಸುಸಾನ್ ಶೋಟ್ಸ್ ಅವರಿಗೆ 2021ರಲ್ಲಿ ಇಗ್ ನೊಬೆಲ್ ಬಂತು. ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು.

◆ ಕಚ್ಚುವ ಬೆಕ್ಕಿನ ಕಥೆ ಎಷ್ಟೋ ಸಲ ಅದು ನಿಮ್ಮ ಮನೆಗೆ ಬರುವ ಮೊದಲೇ ಶುರುವಾಗಿರುತ್ತದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ತೋರಿಸಿದಂತೆ, ಮರಿಗೆ 2ರಿಂದ 7 ವಾರ ವಯಸ್ಸಿನ ನಡುವೆ ಮನುಷ್ಯರ ಕೈ ಬಳಕೆಯಾಗಬೇಕು. ಆ ಕಿಟಕಿ ಮುಚ್ಚಿದ ಮೇಲೆ ಸಿಕ್ಕ ಮರಿಯನ್ನು ಒಲಿಸಿಕೊಳ್ಳಲು ಬಹಳ ತಾಳ್ಮೆ ಬೇಕು.

ಕೈ ಬಳಕೆಯಾಗಬೇಕು ಎಂದರೆ ತಾಯಿಯಿಂದ ಕಿತ್ತು ತರಬೇಕು ಎಂದಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 5,726 ಬೆಕ್ಕುಗಳ ಮಾಹಿತಿ ಕಲೆಹಾಕಿ 2017ರಲ್ಲಿ ಹೇಳಿದ್ದು: 8 ವಾರಕ್ಕೆ ಮೊದಲೇ ತಾಯಿಯಿಂದ ಬೇರೆಯಾದವು ಹೆಚ್ಚು ಆಕ್ರಮಣಕಾರಿ. 14 ವಾರದವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು ಎಂಬುದು ಅವರ ಸಲಹೆ. ನಮ್ಮಲ್ಲಿ? ಕಣ್ಣು ಬಿಟ್ಟು ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಒಂದು ರಟ್ಟಿನ ಡಬ್ಬದಲ್ಲಿ ಹಾಕಿ "ಯಾರಿಗಾದರೂ ಬೇಕಾ" ಎಂದು ಹಂಚಲು ಹೊರಡುತ್ತೇವೆ. ಒಡಹುಟ್ಟಿದವುಗಳ ಜೊತೆ ಹೊರಳಾಡುವಾಗ ಗಟ್ಟಿಯಾಗಿ ಕಚ್ಚಿದರೆ ಆಟ ನಿಂತುಹೋಗುತ್ತದೆ, ಇಲ್ಲವೇ ತಿರುಗೇಟು ಬೀಳುತ್ತದೆ. ಹಲ್ಲಿನ ಬಿಗಿ ಎಷ್ಟಿರಬೇಕು ಎಂಬ ಪಾಠ ಅಲ್ಲೇ ಆಗುವುದು. ಒಂಟಿಯಾಗಿ ಬೆಳೆದ ಮರಿಗೆ ಆ ಪಾಠ ತಪ್ಪುತ್ತದೆ, ಟ್ಯೂಷನ್ ಫೀಸು ನಮ್ಮ ಕೈಗಳು ಕಟ್ಟುತ್ತವೆ. ತರುವುದಿದ್ದರೆ ಎರಡು ಮರಿ ತನ್ನಿ ಎಂದು ಬಲ್ಲವರು ಹೇಳುವುದು ಅದಕ್ಕೇ.

◆ ಅಪ್ಪನ ಗುಣವೂ ಮರಿಗೆ ಬರುತ್ತದೆ. ಗಂಡು ಬೆಕ್ಕು ಮರಿಯ ಮುಖವನ್ನೇ ನೋಡದೆ ಹೋದರೂ, ಸ್ನೇಹದ ಸ್ವಭಾವದ ಗಂಡಿಗೆ ಹುಟ್ಟಿದ ಮರಿಗಳು ಹೊಸಬರ ಹತ್ತಿರ ಧೈರ್ಯವಾಗಿ ಹೋದವು ಎಂದು ಸಾಂಡ್ರಾ ಮೆಕ್ಯೂನ್ 1995ರಲ್ಲಿ ಪ್ರಕಟಿಸಿದರು.

◆ ಮರಿಯಾಗಿದ್ದಾಗ ಬೆರಳು ಕುಣಿಸಿ ಕಚ್ಚಿಸಿಕೊಂಡು ನಕ್ಕವರು, ಅದು ದೊಡ್ಡದಾದ ಮೇಲೆ ಬೈಯುವುದು ಅನ್ಯಾಯ. ಕೈ ಆಟದ ಸಾಮಾನು ಎಂದು ಕಲಿಸಿದ್ದೇ ನಾವು. ಹೊದಿಕೆಯೊಳಗೆ ಕಾಲ್ಬೆರಳು ಅಲ್ಲಾಡಿಸುವ ಆಟಕ್ಕೂ ಇದೇ ಮಾತು.

ಬೆಕ್ಕು ಬೇಟೆಯ ಜೀವ. ಮುಂಜಾವು ಮತ್ತು ಮುಸ್ಸಂಜೆ ಅದರ ಚುರುಕಿನ ಹೊತ್ತು. ಬೆಳಿಗ್ಗೆ ಐದಕ್ಕೆ ಹಾಲಿನ ಪ್ಯಾಕೆಟ್ ತರಲು ಎದ್ದವರ ಹಿಮ್ಮಡಿಗೆ ಸೋಫಾದ ಅಡಿಯಿಂದ ಹಾರಿ ಬೀಳುವುದು ಈ ಕಾರಣಕ್ಕೆ. ಆ ಹೊತ್ತಿಗೆ ಮನೆಯಲ್ಲಿ ಓಡಾಡುವ ಬೇಟೆ ಎಂದರೆ ಅದೊಂದೇ. ದಿನಕ್ಕೆ ಎರಡು ಸಲ, ಹತ್ತು ನಿಮಿಷದಂತೆ, ಕೈಯಿಂದ ದೂರವಿರುವ ಆಟ ಆಡಿಸಿ. ತೆಂಗಿನ ಕಡ್ಡಿಗೆ ದಾರ ಕಟ್ಟಿ ತುದಿಗೊಂದು ಬಟ್ಟೆ ಚಿಂದಿ ಸಿಕ್ಕಿಸಿದರೆ ಅಂಗಡಿಯ ಮುನ್ನೂರು ರೂಪಾಯಿಯ ಆಟಿಕೆಗೆ ಏನೂ ಕಡಿಮೆಯಿಲ್ಲ. ಚಿಂದಿಯನ್ನು ಬೆಕ್ಕಿನ ಮುಖಕ್ಕೆ ಆಡಿಸಬೇಡಿ, ಇಲಿಯ ಹಾಗೆ ದೂರ ಓಡಿಸಿ, ಬಾಗಿಲ ಮರೆಯಲ್ಲಿ ಒಂದು ಕ್ಷಣ ನಿಲ್ಲಿಸಿ. ಕೊನೆಗೆ ಹಿಡಿಯಲು ಬಿಡಿ, ಹಿಡಿದ ಕೂಡಲೇ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಇದು ಬೆಕ್ಕಿನ ದಿನಚರಿಯ ಕ್ರಮ. ಆಟ ಮುಗಿದ ಮೇಲೆ ದಾರವನ್ನು ಎತ್ತಿಡಲು ಮರೆಯಬೇಡಿ. ನುಂಗಿದ ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ದುಬಿಡಬಲ್ಲದು.

ಈ ಆಟದ ಬಲ ಎಷ್ಟು ಎಂದರೆ, ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ಹಿಡಿದು ತರುವ ಬೇಟೆ ಶೇ. 25ರಷ್ಟು ಕಡಿಮೆಯಾಯಿತು ಎಂದು ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ವರದಿ ಮಾಡಿದ್ದಾರೆ. ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಶೇ. 36ರಷ್ಟು. ಹಾಲನ್ನ ತಿಂದು ದಿನ ದೂಡುವ ನಮ್ಮ ಬೆಕ್ಕುಗಳ ಪರವಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

◆ ಒಬ್ಬರ ಮೇಲಿನ ಸಿಟ್ಟು ಇನ್ನೊಬ್ಬರ ಮೇಲೆ. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇದು ದಿನನಿತ್ಯದ ನಾಟಕ. ಬಲೆಯ ಆಚೆ ಪಾರಿವಾಳ, ಈಚೆ ಬೆಕ್ಕು; ಹಲ್ಲು ಕಟಕಟ ಎನ್ನುತ್ತಿರುತ್ತದೆ, ಬಾಲ ಚಾಟಿಯಾಗಿರುತ್ತದೆ. ಅದೇ ಹೊತ್ತಿಗೆ ಒಣಗಿದ ಬಟ್ಟೆ ತೆಗೆಯಲು ನೀವು ಕಾಲಿಡುತ್ತೀರಿ. ಪಾರಿವಾಳಕ್ಕೆ ಬೀಳಬೇಕಾದದ್ದು ನಿಮ್ಮ ಮೀನಖಂಡಕ್ಕೆ ಬೀಳುತ್ತದೆ. ಕಿಟಕಿಯಾಚೆ ಬೀದಿಯ ಗಡವ ಬೆಕ್ಕು ಕಂಡಾಗ, ದೀಪಾವಳಿಯ ಪಟಾಕಿ ಸಿಡಿದಾಗ ಕೂಡ ಹೀಗಾಗುತ್ತದೆ. ಈ ಕೆರಳಿಕೆ ಇಳಿಯಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ದಿನವೂ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಎತ್ತಿ ಸಮಾಧಾನ ಮಾಡಲು ಹೋದವರೇ ಕೆಟ್ಟ ಕಡಿತಗಳನ್ನು ಕಂಡವರು. ಕೋಣೆಯ ದೀಪ ಆರಿಸಿ, ಬಾಗಿಲು ಮುಚ್ಚಿ, ನೀರಿಟ್ಟು ಬಿಟ್ಟುಬಿಡಿ.

◆ ಬ್ರಿಟನ್ನಿನ ಪ್ರಧಾನಿ ನಿವಾಸದ ಬೆಕ್ಕು ಲ್ಯಾರಿ 2011ರಲ್ಲಿ ಅಲ್ಲಿಗೆ ಬಂದದ್ದು. 2016ರಲ್ಲಿ ಎದುರಿಗಿನ ವಿದೇಶಾಂಗ ಕಚೇರಿಗೆ ಪಾಮರ್ಸ್ಟನ್ ಎಂಬ ಬೆಕ್ಕು ಬಂತು. ಇಬ್ಬರ ಬೀದಿ ಜಗಳ ಪತ್ರಿಕೆಗಳ ಮುಖಪುಟ ಕಂಡಿತು. ಎರಡೂ ಒಂದೇ ಆಶ್ರಯಧಾಮದಿಂದ ಬಂದವು ಎಂಬುದು ಗಡಿ ವಿವಾದದಲ್ಲಿ ಲೆಕ್ಕಕ್ಕೆ ಬರಲಿಲ್ಲ.

◆ ಮನೆಯಲ್ಲಿ ಎರಡು ಬೆಕ್ಕಿದ್ದು, ಒಂದನ್ನು ಡಾಕ್ಟರ ಹತ್ತಿರ ಕರೆದೊಯ್ದು ತಂದರೆ ಇನ್ನೊಂದು ಅದರ ಮೇಲೆ ಬುಸುಗುಟ್ಟಿ ಎರಗಬಹುದು. ಬೆಕ್ಕುಗಳಿಗೆ ಗುರುತೆಂದರೆ ವಾಸನೆ. ಸ್ಪಿರಿಟ್ ವಾಸನೆ ಹೊತ್ತು ಬಂದದ್ದು ಅದರ ಲೆಕ್ಕದಲ್ಲಿ ಯಾರೋ ಹೊಸಬ. ಒಂದು ದಿನ ಬೇರೆ ಕೋಣೆಯಲ್ಲಿಟ್ಟು, ಮನೆಯಲ್ಲಿದ್ದ ಬೆಕ್ಕು ಮಲಗುವ ಬಟ್ಟೆಯಿಂದ ಬಂದ ಬೆಕ್ಕಿನ ಮೈ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

◆ ಹತ್ತು ವರ್ಷ ಸಾಧುವಾಗಿದ್ದ ಬೆಕ್ಕು ಈಗ ಎತ್ತಲು ಹೋದರೆ ಕಚ್ಚುತ್ತಿದೆಯೇ? ವಯಸ್ಸಾಗಿ ಸಿಡುಕು ಬಂದಿದೆ ಎಂದು ಕೈಬಿಡಬೇಡಿ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದ 2002ರ ಅಧ್ಯಯನದಲ್ಲಿ 90ಕ್ಕೆ ಕೀಲು ಸವೆತ ಇತ್ತು. ಹಲ್ಲು ನೋವು, ಥೈರಾಯ್ಡ್ ಏರುಪೇರು, ಮೂತ್ರಕೋಶದ ಉರಿ, ಕಿವಿಯ ಸೋಂಕು ಇವೆಲ್ಲ ಕಚ್ಚುವಿಕೆಯಾಗಿ ಹೊರಬರುತ್ತವೆ. ಸ್ವಭಾವ ದಿಢೀರನೆ ಬದಲಾದರೆ ಮೊದಲು ಪಶುವೈದ್ಯರು, ಆಮೇಲೆ ಉಳಿದ ಉಪಾಯಗಳು.

ಪಾಪ ನೋವಿರಬೇಕು ಎಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು.

◆ ಕಚ್ಚಿದ್ದಕ್ಕೆ ಒಂದೇಟು ಹಾಕಿದರೆ ಬುದ್ಧಿ ಬರುತ್ತದೆ ಎನ್ನುವವರಿಗೆ ಉತ್ತರ ವಿಜಯನಗರದ ಕಥೆಯಲ್ಲೇ ಇದೆ. ಇಲಿ ಕಾಟಕ್ಕೆಂದು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗೊಂದು ಹಸು ಕೊಟ್ಟನಂತೆ. ತೆನಾಲಿ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಟ. ನಾವು ನಗುವುದು ರಾಮಕೃಷ್ಣನ ಜಾಣತನಕ್ಕೆ. ಬೆಕ್ಕಿನ ಕಡೆಯಿಂದ ನೋಡಿದರೆ, ಒಂದು ಸಲದ ನೋವು ಒಂದು ವಸ್ತುವಿಗೆ ಗಂಟುಬಿದ್ದು ಹೇಗೆ ಉಳಿದುಬಿಡುತ್ತದೆ ಎಂಬುದರ ಪಕ್ಕಾ ವಿವರಣೆ ಅದು. ರಷ್ಯಾದ ಪಾವ್ಲೊವ್ ನಾಯಿಗಳ ಮೇಲೆ ಇಂಥದ್ದನ್ನೇ ಅಳೆದು ನೋಡಿ ಇಪ್ಪತ್ತನೇ ಶತಮಾನದಲ್ಲಿ ಹೆಸರಾದ.

ಹೊಡೆದ ಕೈ, ನೀರು ಚಿಮುಕಿಸಿದ ಬಾಟಲಿ, ಎಳೆದ ಕತ್ತಿನ ಪಟ್ಟಿ ಎಲ್ಲವೂ ಆ ಬಿಸಿ ಹಾಲಿನ ಬಟ್ಟಲುಗಳೇ. ಕಚ್ಚಬಾರದು ಎಂದು ಬೆಕ್ಕು ಕಲಿಯುವುದಿಲ್ಲ, ಈ ಕೈ ಅಪಾಯ ಎಂದು ಕಲಿಯುತ್ತದೆ. ಮುಂದಿನ ಸಲ ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ. ಕಚ್ಚಿದಾಗ ಮಾತಿಲ್ಲದೆ ಎದ್ದು ಬೇರೆ ಕೋಣೆಗೆ ಹೋಗಿಬಿಡುವುದೇ ಹೆಚ್ಚು ನಾಟುವ ಶಿಕ್ಷೆ.

◆ ಹಲ್ಲು ಇಳಿದಿರುವಾಗ ಕೈ ಎಳೆದುಕೊಳ್ಳಬೇಡಿ. ತಪ್ಪಿಸಿಕೊಳ್ಳುವ ಬೇಟೆಯನ್ನು ಇನ್ನೂ ಬಿಗಿಯಾಗಿ ಹಿಡಿಯುವುದು ಅದರ ಹುಟ್ಟುಗುಣ. ಅಲುಗಾಡದೆ ನಿಂತು, ಕೈಯನ್ನು ತುಸು ಅದರ ಕಡೆಗೇ ಒತ್ತಿದರೆ ಹಿಡಿತ ಸಡಿಲವಾಗುತ್ತದೆ. ಓದಲು ಸುಲಭ, ಆ ಗಳಿಗೆಯಲ್ಲಿ ನೆನಪಾಗುವುದು ಕಷ್ಟ ಎಂಬುದು ನನಗೂ ಗೊತ್ತು.

◆ ಉಗುರೇ ಕೀಳಿಸಿಬಿಟ್ಟರೆ? ಬೆಕ್ಕಿನ ಉಗುರು ನಮ್ಮ ಹಾಗೆ ಚರ್ಮದ ಮೇಲೆ ಕೂತದ್ದಲ್ಲ, ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆದದ್ದು. ಹಾಗಾಗಿ ಕೀಳಿಸುವುದೆಂದರೆ ಪ್ರತಿ ಬೆರಳಿನ ಕೊನೆಯ ಗೆಣ್ಣು ಕತ್ತರಿಸುವುದು. ಅಮೆರಿಕದಲ್ಲಿ ಇದು ಬಹಳ ಕಾಲ ಮಾಮೂಲಿ ಶಸ್ತ್ರಚಿಕಿತ್ಸೆಯಾಗಿತ್ತು. ರಾಜ್ಯಗಳಲ್ಲಿ ಮೊದಲು ನಿಷೇಧಿಸಿದ್ದು ನ್ಯೂಯಾರ್ಕ್, 2019ರಲ್ಲಿ. ತಮಾಷೆಯೆಂದರೆ, 274 ಬೆಕ್ಕುಗಳನ್ನು ಹೋಲಿಸಿದ 2017ರ ಅಧ್ಯಯನದಲ್ಲಿ ಉಗುರು ಕಳೆದುಕೊಂಡವೇ ಹೆಚ್ಚು ಕಚ್ಚುತ್ತಿದ್ದವು, ಬೆನ್ನು ನೋವೂ ಅವಕ್ಕೇ ಹೆಚ್ಚಿತ್ತು.

ಮೊನೆಯನ್ನಷ್ಟೇ ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿದರೆ ಸಾಕು. ಬೆಳಕಿಗೆ ಹಿಡಿದರೆ ಉಗುರಿನೊಳಗೆ ಕಾಣುವ ಗುಲಾಬಿ ಭಾಗಕ್ಕೆ ಕತ್ತರಿ ತಾಗಬಾರದು, ಅಲ್ಲಿ ರಕ್ತನಾಳ, ನರ ಇವೆ. ಒಂದೇ ಸಲಕ್ಕೆ ಎಲ್ಲ ಮುಗಿಸಬೇಕೆಂಬ ಹಟವೂ ಬೇಡ, ಇವತ್ತು ಎರಡು ಬೆರಳು, ನಾಳೆ ಎರಡು. ಪರಚಿಕೊಳ್ಳಲು ಮೈ ಪೂರ್ತಿ ಚಾಚುವಷ್ಟು ಎತ್ತರದ ಒಂದು ಕಂಬಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ ಸೋಫಾದ ಪಕ್ಕದಲ್ಲೇ ನಿಲ್ಲಿಸಿ.

◆ ಸಂತಾನಹರಣದಿಂದ ಗಡವಗಳ ಬೀದಿ ಕಾದಾಟ ಚೆನ್ನಾಗಿ ತಗ್ಗುತ್ತದೆ. ಆಟದ ಕಚ್ಚುವಿಕೆ, ಹೆದರಿಕೆಯ ಕಚ್ಚುವಿಕೆ ತಗ್ಗಲೇಬೇಕೆಂದೇನಿಲ್ಲ. ಆಪರೇಷನ್ ಆಯಿತು, ಇನ್ನೂ ಕಚ್ಚುತ್ತದಲ್ಲ ಎಂದು ಡಾಕ್ಟರ ಮೇಲೆ ಮುನಿಸಿಕೊಳ್ಳಬೇಡಿ. ಬೆಕ್ಕುಗಳ ಏಡ್ಸ್ ಎನಿಸಿಕೊಂಡ ಎಫ್‌ಐವಿ ವೈರಸ್ ಮುಖ್ಯವಾಗಿ ಹರಡುವುದು ಈ ಕಾದಾಟದ ಕಡಿತಗಳಿಂದಲೇ. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಪತ್ತೆಯಾದ ಈ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ.

◆ ವಿದೇಶದ ಬೆಕ್ಕುಗಳಿಗೆ ಕ್ಯಾಟ್‌ನಿಪ್ ಇದ್ದರೆ ನಮ್ಮವಕ್ಕೆ ಹಿತ್ತಲ ಕುಪ್ಪಿಗಿಡ ಇದೆ. ಅದರ ಬೇರು ಕಿತ್ತಿಟ್ಟರೆ ಬೆಕ್ಕು ಬಂದು ಮೂಸಿ, ಮುಖ ತಿಕ್ಕಿ, ಹೊರಳಾಡುತ್ತದೆ. ಅಮಲಿನಲ್ಲಿ ಕೆಲವು ಇನ್ನಷ್ಟು ಪುಂಡಾಟಕ್ಕಿಳಿಯುವುದೂ ಉಂಟು. ಆಗ ಕೈ ಹತ್ತಿರ ಒಯ್ಯಬೇಡಿ, ಗಿಡ ತಿನ್ನಲೂ ಬಿಡಬೇಡಿ.

◆ ಮೂರು ಬಣ್ಣದ ಬೆಕ್ಕುಗಳು ಮುಂಗೋಪಿಗಳು ಎಂಬ ಮಾತು ನಿಜವೇ? ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಮಾಲೀಕರನ್ನು ಕೇಳಿದಾಗ ಅಂಥ ಹೆಣ್ಣುಬೆಕ್ಕುಗಳಿಗೆ ತುಸು ಹೆಚ್ಚು ಸಿಟ್ಟು ಎಂಬ ಉತ್ತರ ಬಂದದ್ದು ಹೌದು. ಆದರೆ ಅದು ಮಾಲೀಕರ ಅಭಿಪ್ರಾಯ, ಬೆಕ್ಕಿನ ಪರೀಕ್ಷೆಯಲ್ಲ. ಬಣ್ಣ ನೋಡಿ ಬೆಕ್ಕು ಆರಿಸಲು ಇಷ್ಟು ಆಧಾರ ನನಗಂತೂ ಸಾಲದು.

◆ ಬೆಕ್ಕನ್ನು ನೋಡಿ ಕಣ್ಣನ್ನು ನಿಧಾನವಾಗಿ ಅರ್ಧ ಮುಚ್ಚಿ ತೆರೆಯಿರಿ. 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಮಾಡಿ ನೋಡಿದಾಗ ಬೆಕ್ಕುಗಳೂ ತಿರುಗಿ ಹಾಗೆಯೇ ಕಣ್ಣು ಮಿಟುಕಿಸಿದವು. ಅಪರಿಚಿತರು ಹೀಗೆ ಮಾಡಿ ಕೈ ಚಾಚಿದರೆ ಹತ್ತಿರವೂ ಬಂದವು. ನೆಟ್ಟ ನೋಟ ಮಾತ್ರ ಅವುಗಳ ಲೋಕದಲ್ಲಿ ಜಗಳಕ್ಕೆ ಕರೆದಂತೆ.

◆ ಬೆಕ್ಕೆಂದರೆ ಮೂಗು ಮುರಿಯುವ ನೆಂಟರು ಬಂದಾಗ ಅದು ಹೋಗಿ ಕೂರುವುದು ಅವರ ಪಕ್ಕದಲ್ಲೇ, ಗಮನಿಸಿದ್ದೀರಾ? ಅವರು ದಿಟ್ಟಿಸುವುದಿಲ್ಲ, ಕರೆಯುವುದಿಲ್ಲ, ಕೈ ಚಾಚುವುದಿಲ್ಲ, ಎತ್ತಿಕೊಳ್ಳುವುದಂತೂ ಇಲ್ಲವೇ ಇಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಡೆನಿಸ್ ಟರ್ನರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಮನೆಗಳಲ್ಲಿ ಕೂತು ನೋಡಿ ಹೇಳಿದ್ದೂ ಇದನ್ನೇ: ಬೆಕ್ಕು ತಾನಾಗಿ ಶುರುಮಾಡಿದ ಒಡನಾಟ, ಮನುಷ್ಯರು ಶುರುಮಾಡಿದ್ದಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ. ಕಚ್ಚುವ ಬೆಕ್ಕಿನ ಮನೆಯವರು ಒಂದು ವಾರ ಆ ನೆಂಟರ ಹಾಗೆ ಇದ್ದು ನೋಡಬಹುದು. ಚಹಾಕ್ಕೆ ಸಕ್ಕರೆ ಸಾಲದು ಎಂದು ದೂರುವುದನ್ನು ಬಿಟ್ಟು.